ಕಡೆಗೋಲಿನ ಹಗ್ಗ, ಪರೇಲಿನ ಬೆನ್ನು

ಪರೇಲಿನ ಆಸ್ಪತ್ರೆಗಳ ಸುತ್ತಲಿನ ಔಷಧಿ ಅಂಗಡಿಯಲ್ಲಿ ಬೆನ್ನುನೋವು ಎಂದರೆ ಸಾಕು, ಸೊಂಟದ ಅಳತೆ ಕೇಳಿ ಬೆಲ್ಟ್ ತೆಗೆದು ಕೊಡುತ್ತಾರೆ. ಅದೇ ದುಡ್ಡಿಗೆ ವ್ಯಾಯಾಮದ ರಬ್ಬರ್ ಪಟ್ಟಿಯೊಂದು ಬರುತ್ತದೆ. ಜನ ಕೊಳ್ಳುವುದು ಬೆಲ್ಟನ್ನು, ಕೊಳ್ಳಬೇಕಾದ್ದು ಪಟ್ಟಿಯನ್ನು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಕ್ರಮಬದ್ಧ ವ್ಯಾಯಾಮ ಬೇಕು, ಬೆಲ್ಟು, ಪಟ್ಟ, ಎಳೆದು ಕಟ್ಟುವ ಟ್ರ್ಯಾಕ್ಷನ್ ರೂಢಿಯ ಚಿಕಿತ್ಸೆಯಾಗಿ ಬೇಡ. 2020ರಲ್ಲಿ ಜಗತ್ತಿನಲ್ಲಿ ಸೊಂಟನೋವಿದ್ದವರು 61.9 ಕೋಟಿ ಜನ ಎಂಬ ಅಂದಾಜೂ ಅದೇ ಸಂಸ್ಥೆಯದು. ಇಷ್ಟು ಜನರಿಗೆ ಬೆಲ್ಟ್ ಮಾರುವವರ ಸಂತೋಷವನ್ನು ಊಹಿಸಿಕೊಳ್ಳಬಹುದು.

ಈ ಮಾತಿಗೆ ಪರೇಲಿಗಿಂತ ತಕ್ಕ ಜಾಗ ಇನ್ನೊಂದಿಲ್ಲ. 1926ರಲ್ಲಿ ತೆರೆದ ಕೆಇಎಂ ಆಸ್ಪತ್ರೆ ಇಲ್ಲಿದೆ. ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾದದ್ದೂ, 1950ರ ದಶಕದ ಆರಂಭದಲ್ಲಿ, ಅದೇ ಆವರಣದಲ್ಲಿ. ಸುತ್ತಲೂ ಗಿರಣಗಾಂವ್. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಮುಂಬಯಿಯ ಎದೆಗೂಡು ಇದು. ಆ ಗಿರಣಿಗಳಲ್ಲಿ ಹಲವು ಈಗ ಕಚೇರಿ, ಮಾಲ್‌ಗಳಾಗಿವೆ. ಮಗ್ಗದ ಮುಂದೆ ನಿಂತಿರುತ್ತಿದ್ದ ಬೆನ್ನಿನ ಜಾಗದಲ್ಲಿ ಈಗ ಲ್ಯಾಪ್‌ಟಾಪಿನ ಮುಂದೆ ಬಾಗಿದ ಬೆನ್ನು ಕೂತಿದೆ. ಹಳೆಯದೇ ಚೆನ್ನಿತ್ತು ಎಂದು ಹೇಳುವಂತಿಲ್ಲ. ಹತ್ತಿಯ ದೂಳು ಎಷ್ಟೋ ಜನರ ಶ್ವಾಸಕೋಶ ತಿಂದಿತ್ತು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಗರದ ಬದುಕಿನಿಂದ ಎಳೆಯುವ ಕೆಲಸ ಹೆಚ್ಚುಕಡಿಮೆ ಮಾಯವಾಗಿದೆ. ತಳ್ಳುವುದು ಉಳಿದಿದೆ: ಬಾಗಿಲು, ಟ್ರಾಲಿ, ಸಂಜೆ ಆರರ ಲೋಕಲ್ಲಿನ ಬಾಗಿಲಲ್ಲಿ ಮುಂದಿನವನ ಬೆನ್ನು. ವ್ಯಾಯಾಮಕ್ಕೆ ಹೋದರೂ ತಳ್ಳುವುದೇ ಹೆಚ್ಚು. ಗರಡಿಮನೆಯ ದಂಡ ತಳ್ಳುವ ಕಸರತ್ತು, ಜಿಮ್ಮಿನ ಹುಡುಗರಿಗೆ ಪ್ರಿಯವಾದ ಬೆಂಚ್ ಪ್ರೆಸ್ಸೂ ಅದೇ. ಕನ್ನಡಿಯಲ್ಲಿ ಎದೆ ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಹಿಂದೆ ಬಾವಿಯಿಂದ ನೀರು ಸೇದುವವರಿಗೆ, ಕರಾವಳಿಯಲ್ಲಿ ರಂಪಣಿ ಬಲೆಯ ಹಗ್ಗ ಹಿಡಿದವರಿಗೆ ಎರಡು ಹೆಗಲೆಲುಬುಗಳ ನಡುವಿನ ಸ್ನಾಯುಗಳನ್ನು ದುಡಿಸಲು ಬೇರೆ ಕಸರತ್ತು ಬೇಕಿರಲಿಲ್ಲ.

ಇಂಗ್ಲಿಷಿನಲ್ಲಿ ಈ ವ್ಯಾಯಾಮದ ಹೆಸರು ರೋಯಿಂಗ್, ಅಂದರೆ ದೋಣಿಗೆ ಹುಟ್ಟು ಹಾಕುವುದು. ಉಡುಪಿಯವರಿಗೆ ಅದು ಅರ್ಥವಾದೀತು. ಕಲಬುರಗಿಯಿಂದಲೋ ವಿಜಯಪುರದಿಂದಲೋ ಟಾಟಾ ಮೆಮೋರಿಯಲ್‌ಗೆ ರೋಗಿಯನ್ನು ಕರೆತಂದು, ಎತ್ತಿ ಕೂರಿಸಿ ಮಲಗಿಸಿ ಬೆನ್ನು ಹಿಡಿಸಿಕೊಂಡ ಮಗಳಿಗೆ ದೋಣಿಯ ಉಪಮೆಯಿಂದ ಏನು ಸಿಗುತ್ತದೆ? ಆಕೆಗೆ ಹೇಳಬೇಕಾದ ಮಾತು ಕನ್ನಡದಲ್ಲಿ ಸಿದ್ಧವಾಗಿಯೇ ಇದೆ: ಮಜ್ಜಿಗೆ ಕಡೆದ ಹಾಗೆ. ಕಂಬಕ್ಕೆ ಆತುಕೊಂಡ ಕಡೆಗೋಲು, ಅದಕ್ಕೆ ಸುತ್ತಿದ ಹಗ್ಗ, ಒಂದು ಕೈ ಹಿಂದಕ್ಕೆ ಬಂದಾಗ ಇನ್ನೊಂದು ಮುಂದಕ್ಕೆ, ಮೊಣಕೈ ಪಕ್ಕೆಲುಬನ್ನು ಸವರಿ ಹೋಗುತ್ತದೆ. ಪಟ್ಟಿಯನ್ನು ಕಂಬಕ್ಕೆ ಸುತ್ತಿ ಒಂದೊಂದೇ ಕೈಯಲ್ಲಿ ಎಳೆಯುವುದು ಚಲನೆಯ ಮಟ್ಟಿಗೆ ಅದೇ. ವ್ಯತ್ಯಾಸ ಭಾರದ್ದು. ಮಜ್ಜಿಗೆ ಅಷ್ಟು ಪ್ರತಿರೋಧ ಒಡ್ಡುವುದಿಲ್ಲ, ರಬ್ಬರ್ ಒಡ್ಡುತ್ತದೆ. ಹಿಗ್ಗಿದಷ್ಟೂ ಹೆಚ್ಚು ಒಡ್ಡುತ್ತದೆ. ಎಳೆತದ ಕೊನೆಯಲ್ಲಿ, ಹೆಗಲೆಲುಬುಗಳೆರಡೂ ಹತ್ತಿರ ಬರುವ ಹೊತ್ತಿಗೆ, ಅದು ಅತಿ ಬಿಗಿ. ಬಿಡುವಾಗ ಪಟ್ಟಿ ಕೈಯನ್ನು ಸರಕ್ಕನೆ ಎಳೆದುಕೊಂಡು ಹೋಗದಂತೆ ತಡೆಯುವುದೇ ಅರ್ಧ ವ್ಯಾಯಾಮ. ಎರಡೆಣಿಸಿ ಎಳೆದರೆ ನಾಲ್ಕೆಣಿಸಿ ಬಿಡಬೇಕು. ಹತ್ತು ಹನ್ನೆರಡು ಸಲ, ಎರಡು ಮೂರು ಸುತ್ತು, ವಾರಕ್ಕೆ ಎರಡು ಮೂರು ದಿನ. ಹನ್ನೆರಡನೆಯದು ಸಲೀಸಾಗಿ ಬಂದರೆ ಪಟ್ಟಿ ತೀರ ಸಡಿಲ ಎಂದರ್ಥ. ಹೆಗಲು ಕಿವಿಯ ಕಡೆಗೆ ಏರಿದರೆ, ಸೊಂಟ ಹಿಂದಕ್ಕೆ ಬಾಗಿದರೆ ತೀರ ಬಿಗಿ.

ಇದು ಬಡವರ ಜಿಮ್ಮು ಎಂದು ಮೂಗು ಮುರಿಯಬೇಕಿಲ್ಲ. ಎಲಾಸ್ಟಿಕ್ ಪಟ್ಟಿಯ ತರಬೇತಿಗೂ ಯಂತ್ರ, ತೂಕಗಳ ತರಬೇತಿಗೂ ಬಲ ಹೆಚ್ಚಿಸುವುದರಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೊಂದು ಕಂಡುಕೊಂಡಿದೆ. ಹತ್ತಡಿ ಚಚ್ಚೌಕದ ಖೋಲಿಯಲ್ಲಿ ನಾಲ್ವರು ಮಲಗುವ ಚಾಳಿನಲ್ಲಿ ಡಂಬೆಲ್ ಇಡಲು ಜಾಗವಿಲ್ಲದಿರಬಹುದು. ಪಟ್ಟಿ ದಿಂಬಿನಡಿಗೆ ಹೋಗುತ್ತದೆ.

ಹಾಗೆಂದು ಪಟ್ಟಿಗೆ ಇಲ್ಲದ ಮಹಿಮೆ ಕಟ್ಟುವುದೂ ತಪ್ಪು. ಈ ಎಳೆತ ಮುಖ್ಯವಾಗಿ ದುಡಿಸುವುದು ಬೆನ್ನಿನ ಮೇಲ್ಭಾಗ ಮತ್ತು ನಡುಭಾಗವನ್ನು. ನಿಂತು ಎಳೆದರೆ ಸೊಂಟ ತನ್ನನ್ನು ತಾನು ಹಿಡಿದುಕೊಳ್ಳಲು ಒಂದಿಷ್ಟು ದುಡಿಯುತ್ತದೆ, ಅಷ್ಟೆ. ಸೊಂಟದ ನೋವಿಗೆ ನಡಿಗೆ, ಬಸ್ಕಿ ಜೊತೆಗೆ ಬೇಕು. ಕಾಲಿಗೆ ಜೋಮು ಹಿಡಿದು ಬಲ ಕುಂದುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಪಟ್ಟಿ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು.

ಇನ್ನು "ಬೆನ್ನು ನೆಟ್ಟಗೆ ಮಾಡಿ ಕೂತ್ಕೋ" ಎಂಬ ಉಪದೇಶ. ಎಲ್ಲರಿಗೂ ಸಲ್ಲುವ ಒಂದೇ ಸರಿಯಾದ ಭಂಗಿ ಇದೆ ಎನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ. ಎಂಟು ಗಂಟೆ ನೆಟ್ಟಗೆ ಕೂತರೂ ನೋಯುತ್ತದೆ. ಬೇಕಾದದ್ದು ಏಳುವ ಅವಕಾಶ. ನಿಂತೇ ದುಡಿಯುವವರಿಗೆ ಕೂರುವ ಅವಕಾಶ. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ಸೇರಿಸಿದವು. ಕಾವಲಿಯ ಮುಂದೆ ಹನ್ನೆರಡು ಗಂಟೆ ನಿಲ್ಲುವ ದೋಸೆ ಭಟ್ಟರಿಗೆ ಮಾಲೀಕರು ಒಂದು ಸ್ಟೂಲು ಹಾಕದೆ, ರಬ್ಬರ್ ಪಟ್ಟಿ ಉಡುಗೊರೆ ಕೊಟ್ಟು ಕ್ಷೇಮಾಭಿವೃದ್ಧಿ ಎಂದರೆ ಅದು ಬೆನ್ನು ತಟ್ಟಿ ಬೆನ್ನಿಗೇ ಹೊರೆ ಹೊರಿಸಿದ ಹಾಗೆ. ಸ್ಟೂಲೂ ಬೇಕು, ಪಟ್ಟಿಯೂ ಬೇಕು, ಅದನ್ನು ಎಳೆಯಲು ಕೆಲಸದ ಹೊತ್ತಿನಲ್ಲೇ ಹತ್ತು ನಿಮಿಷವೂ ಬೇಕು.

ಕೊಳ್ಳುವವರಿಗೆ ಕೊನೆಯದಾಗಿ ಒಂದೆರಡು ಮಾತು. ಬಣ್ಣ ನೋಡಿ ಬಿಗಿಯನ್ನು ಊಹಿಸಬೇಡಿ. ಒಂದು ಕಂಪನಿಯ ಕೆಂಪು ಇನ್ನೊಂದರ ಹಸಿರಿಗೆ ಸಮವಿರಬಹುದು. ಕಿಟಕಿಯ ಗ್ರಿಲ್ಲಿಗೆ ಕಟ್ಟುವುದಾದರೆ ತುಕ್ಕು ಹಿಡಿದ ಅಂಚಿಗೆ ತಾಗದಂತೆ ನಡುವೆ ಹಳೆಯ ಟವೆಲ್ ಸುತ್ತಿ. ಬಾಗಿಲ ಹಿಡಿಗೆ ಕಟ್ಟುವುದಾದರೆ ಚಿಲಕ ಹಾಕಿ, ಎಳೆದಾಗ ಬಾಗಿಲು ನಿಮ್ಮತ್ತ ತೆರೆದುಕೊಳ್ಳಬಾರದು. ಬಿಸಿಲಿಗೆ ಒಣಗಿದ ರಬ್ಬರು ಬೇಗ ಸೀಳುತ್ತದೆ, ಹರಿದು ಹಾರಿದರೆ ತಾಗುವುದು ಕಣ್ಣಿಗೆ. ಕಟ್ಟುವ ಮುನ್ನ ಪಟ್ಟಿಯನ್ನು ಬೆಳಕಿಗೆ ಹಿಡಿದು ಕಚ್ಚು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.