ಕಡಲು ಹೊತ್ತ ಬಿಸಿ, ಕರಾವಳಿ ತೆರುವ ಬೆಲೆ

ಬೇಸಗೆ ಬಂದಾಗಲೆಲ್ಲ ದಿಲ್ಲಿಯೊಂದಿಗೆ ಹೋಲಿಸಿಕೊಂಡು ಸಮಾಧಾನಪಡುವುದು ಮುಂಬಯಿಗರಾದ ನಮ್ಮ ವಾಡಿಕೆ. ಮೇ ತಿಂಗಳಲ್ಲಿ ದಿಲ್ಲಿಯ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್. ಮುಂಬಯಿಯಲ್ಲಿ ಅದು 33-34ರ ಆಸುಪಾಸು. ಈ ಉಪಕಾರ ಅರಬ್ಬಿ ಸಮುದ್ರದ್ದು. ಆದರೆ ಅದೇ ಸಮುದ್ರ ಈಗ ಎಚ್ಚರಿಕೆಯನ್ನೂ ನೀಡತೊಡಗಿದೆ.

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೂಲ್ ಶಕ್ತಿ ಬೇಕು. ಅಷ್ಟೇ ತೂಕದ ಒಣ ಮರಳಿಗೆ ಅದರ ಐದನೆಯ ಒಂದು ಭಾಗ ಸಾಕು. ಆದ್ದರಿಂದಲೇ ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ತಣ್ಣಗಿರುತ್ತದೆ. ಈ ಅಂತರದಿಂದ ಮಧ್ಯಾಹ್ನದ ಕಡಲಗಾಳಿ ಹುಟ್ಟುತ್ತದೆ. ಮುಂಗಾರಿನ ಹಿಂದೆಯೂ ನೆಲ-ಜಲಗಳ ಈ ತಾಪಭೇದದ ಪಾತ್ರ ದೊಡ್ಡದು.

ನೀರಿನ ಈ ಸಹನೆಯನ್ನೇ ಮನುಕುಲ ದುಡಿಸಿಕೊಂಡಿದೆ. ಹಸಿರುಮನೆ ಅನಿಲಗಳಿಂದ 1971ರಿಂದೀಚೆಗೆ ಭೂಮಿಯಲ್ಲಿ ಸಂಚಯವಾದ ಹೆಚ್ಚುವರಿ ಉಷ್ಣದ ಶೇಕಡಾ 90ರಷ್ಟನ್ನು ಸಾಗರಗಳೇ ಹೀರಿಕೊಂಡಿವೆಯೆಂದು ಐಪಿಸಿಸಿಯ 2021ರ ವರದಿ ಹೇಳುತ್ತದೆ. ಹೀರಿದ ಉಷ್ಣವೇನೂ ಮಾಯವಾಗುವುದಿಲ್ಲ. ಬೆಚ್ಚಗಾದ ಕಡಲಿನಿಂದ ಏಳುವ ಆವಿ ಆ ಉಷ್ಣವನ್ನು ಗುಪ್ತವಾಗಿ ಹೊತ್ತೊಯ್ದು, ಮೋಡವಾಗುವಾಗ ಬಿಡುಗಡೆ ಮಾಡುತ್ತದೆ. ಚಂಡಮಾರುತಕ್ಕೆ ಈ ಗುಪ್ತೋಷ್ಣವೇ ಇಂಧನ. 2020ರ ಜೂನ್ 3ರಂದು 'ನಿಸರ್ಗ' ಅಲಿಬಾಗ್ ಬಳಿ ದಡ ಸೇರಿತು. 2021ರ ಮೇ ತಿಂಗಳಲ್ಲಿ 'ತೌಕ್ತೆ' ಉಡುಪಿ, ಮಂಗಳೂರು ತೀರಗಳನ್ನು ಅಪ್ಪಳಿಸುತ್ತ ಮುಂಬಯಿಯ ಪಕ್ಕದಲ್ಲೇ ಹಾದು ಗುಜರಾತ್ ತಲುಪಿತು. ಬಾಂಬೆ ಹೈ ಪ್ರದೇಶದಲ್ಲಿ ಬಾರ್ಜ್ ಮುಳುಗಿ ಹತ್ತಾರು ಕಾರ್ಮಿಕರು ಜೀವ ತೆತ್ತರು. ನಮ್ಮ ಊರನ್ನೂ ನಮಗೆ ಅನ್ನವಿತ್ತ ನಗರವನ್ನೂ ಒಂದೇ ಕಡಲು ಕಾಡಿದ ದಿನಗಳವು.

ಇನ್ನೊಂದು ಅಪಾಯ ಸದ್ದಿಲ್ಲದ್ದು. ಒಂದು ಲೀಟರ್ ಬೆವರು ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲೊರಿ ಉಷ್ಣ ಹೊರಹೋಗುತ್ತದೆ. ಗಾಳಿಯಲ್ಲಿ ತೇವಾಂಶ ತುಂಬಿದ್ದಾಗ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ದೇಹ ತಣಿಯುವುದಿಲ್ಲ. 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಬಂದಿದ್ದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಆಘಾತದಿಂದ ಅಸುನೀಗಿದರು. ಅಂದಿನ ಉಷ್ಣತೆ ಸುಮಾರು 38 ಡಿಗ್ರಿ. ಉತ್ತರ ಭಾರತದ ಲೆಕ್ಕದಲ್ಲಿ ಇದು ಭಯಂಕರ ಬಿಸಿಲೇನೂ ಅಲ್ಲ.

ಇಲ್ಲಿಯೇ ನಮ್ಮ ವ್ಯವಸ್ಥೆಯ ಕೊರತೆ ಎದ್ದು ಕಾಣುತ್ತದೆ. ಕರಾವಳಿಯಲ್ಲಿ ಬಿಸಿಗಾಳಿಯ ಘೋಷಣೆಗೆ ಉಷ್ಣತೆ 37 ಡಿಗ್ರಿ ಮುಟ್ಟಿರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಈ ಮಾನದಂಡದಲ್ಲಿ ತೇವಾಂಶಕ್ಕೆ ಸ್ಥಾನವಿಲ್ಲ. ಹವಾಮಾನ ಇಲಾಖೆ 2023ರಲ್ಲಿ ತೇವಾಂಶವನ್ನೂ ಗಣಿಸುವ ತಾಪ ಸೂಚ್ಯಂಕವನ್ನು ಪ್ರಾಯೋಗಿಕವಾಗಿ ಆರಂಭಿಸಿದ್ದು ಸ್ವಾಗತಾರ್ಹ. ಆದರೆ ಕೆಲಸದ ವೇಳೆ, ವಿಶ್ರಾಂತಿ, ಕುಡಿಯುವ ನೀರು ಇವುಗಳ ನಿಯಮಗಳು ಅದನ್ನು ಆಧರಿಸಿದಾಗಲೇ ಅದಕ್ಕೆ ಅರ್ಥ.

ಹೋಟೆಲಿನ ಒಲೆಯ ಮುಂದೆ ನಿಲ್ಲುವ ನಮ್ಮ ಹುಡುಗರಿಗೆ, ಕಟ್ಟಡ ಕಾರ್ಮಿಕರಿಗೆ ಇದು ಪುಸ್ತಕದ ಪಾಠವಲ್ಲ. ನಮ್ಮ ಸಂಘಸಂಸ್ಥೆಗಳೂ ಏಪ್ರಿಲ್-ಮೇ ತಿಂಗಳ ಬಯಲು ಸಮಾರಂಭಗಳನ್ನು ನೆರಳಿಗೆ, ಸಂಜೆಗೆ ಸರಿಸುವುದು ಒಳಿತು. ಮುಖ್ಯ ಅತಿಥಿಗಳಿಗೆ ಚಪ್ಪರ, ಸಭಿಕರಿಗೆ ಬಿಸಿಲು ಎಂಬ ಪದ್ಧತಿ ಇನ್ನಾದರೂ ನಿಲ್ಲಲಿ.