ಮಹಾನಗರದ ಊಟ ಮತ್ತು ಬಸದಿಗಳ ಹೊಣೆ

ಭೀಮೆಯ ದಂಡೆಯ ಮೇಲಿರುವ ದೇವಣಗಾಂವದಿಂದ ಓದಿಗಾಗಿಯೋ ನೌಕರಿಗಾಗಿಯೋ ಬೆಂಗಳೂರಿಗೆ ಹೊರಡುವ ಜೈನ ಮನೆತನದ ಹುಡುಗನಿಗೆ ತಾಯಿ ಕಟ್ಟಿಕೊಡುವ ಬುತ್ತಿ ಹೇಗಿರುತ್ತದೆಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಒಣಗಿಸಿದ ಕಟಕ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ನಾಲ್ಕು ಶೇಂಗಾ ಹೋಳಿಗೆ. ಸಿಂದಗಿಯಲ್ಲಿ ಬಸ್ಸು ಹತ್ತಿಸುವಾಗ ತಂದೆ ಹೇಳುವ ಕೊನೆಯ ಮಾತೂ ಎಲ್ಲ ಮನೆಗಳಲ್ಲಿ ಒಂದೇ: “ಹೊರಗ ಕಂಡಕಂಡಲ್ಲಿ ಉಣಬ್ಯಾಡಪ್ಪ.”

ಬುತ್ತಿ ಹದಿನೈದು ದಿನ ಬಾಳೀತು. ಹದಿನಾರನೆಯ ದಿನ ಆ ಹುಡುಗ ಎಲ್ಲಿ ಉಣ್ಣಬೇಕು? ಸಮಾಜದ ಸಭೆಗಳಲ್ಲಿ, ಯುವಕರ ಶಿಬಿರಗಳಲ್ಲಿ, ಪರ್ಯೂಷಣದ ಪ್ರವಚನಗಳಲ್ಲಿ ಆಹಾರಶುದ್ಧಿಯ ಬಗ್ಗೆ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಈ ಸರಳ ಪ್ರಶ್ನೆಗೆ ಮಾತ್ರ ಉತ್ತರ ದೊರೆಯುವುದಿಲ್ಲ. ದೊರೆಯುವುದು ಮೂರು ಬಗೆಯ ನೆಪಗಳು. ಹಿರಿಯರು “ಹೊರಗೆ ಉಣ್ಣಲೇಬಾರದು” ಎನ್ನುತ್ತಾರೆ. ಆಧುನಿಕರೆನಿಸಿಕೊಂಡವರು “ಕಾಲ ಬದಲಾಗಿದೆ, ನಿಯಮ ಸಡಿಲಿಸಬೇಕು” ಎನ್ನುತ್ತಾರೆ. ಇವರಿಬ್ಬರ ನಡುವೆ ಇರುವ ಬಹುಸಂಖ್ಯಾತರು “ಈಗ ಎಲ್ಲ ಹೋಟೆಲುಗಳಲ್ಲಿಯೂ ಜೈನ್ ಊಟ ಸಿಗುತ್ತದೆಯಲ್ಲ” ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಮೂರನೆಯದೇ ಎಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾದ ನೆಪವಾದ್ದರಿಂದ ಅದನ್ನು ಮೊದಲು ಪರಿಶೀಲಿಸುವುದು ಯುಕ್ತ.

ಫಲಕದ ಜೈನ ಧರ್ಮ

ಬೆಂಗಳೂರಿನಲ್ಲಿ ಸಸ್ಯಾಹಾರಕ್ಕೆ ಬರವಿಲ್ಲ. 1924ರ ಮಾವಳ್ಳಿ ಟಿಫನ್ ರೂಮ್ಸ್, 1943ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಗಾಂಧಿ ಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನ, 1980ರ ದಶಕದಿಂದ ಬೀದಿಬೀದಿಗೂ ಹಬ್ಬಿದ ದರ್ಶಿನಿಗಳು, ಚಿಕ್ಕಪೇಟೆಯ ಸುತ್ತಿನ ಮಾರವಾಡಿ ಭೋಜನಾಲಯಗಳು, ಉತ್ತರ ಕರ್ನಾಟಕದ ಖಾನಾವಳಿಗಳು: ಹುಡುಕಿಕೊಂಡು ಹೋಗುವವನಿಗೆ ಅನ್ನವುಂಟು. ಬೆಳಗಿನ ಇಡ್ಲಿ, ಸಾದಾ ದೋಸೆ, ಮಧ್ಯಾಹ್ನದ ಮೊಸರನ್ನ ಇವುಗಳಲ್ಲಿ ವ್ರತಭಂಗದ ಭಯ ಕಡಿಮೆ. ಸಾಂಬಾರಿನಲ್ಲಿ ಈರುಳ್ಳಿ, ಮಸಾಲೆ ದೋಸೆಯ ಪಲ್ಯದಲ್ಲಿ ಆಲೂಗಡ್ಡೆ ಈರುಳ್ಳಿ ಎರಡೂ ಇರುತ್ತವೆಂದು ಎಲ್ಲರೂ ಬಲ್ಲರು. ಉಡುಪಿಯ ಮಠದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗಳಿಗೆ ಸ್ಥಾನವಿರಲಿಲ್ಲ. ಅದೇ ಹೆಸರಿನ ಹೋಟೆಲು ನಗರಕ್ಕೆ ಬಂದು ಗಿರಾಕಿಗಳ ರುಚಿಗೆ ಬಾಗಿದಾಗ ಅವು ಒಳಗೆ ಬಂದವು. ವ್ಯಾಪಾರ ಗಿರಾಕಿಯನ್ನು ಅನುಸರಿಸುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ.

ಅದೇ ವ್ಯಾಪಾರದ ನ್ಯಾಯದಿಂದಲೇ “ಜೈನ್” ಎಂಬ ಶಬ್ದ ಭಕ್ಷ್ಯಗಳ ಪಟ್ಟಿಗೂ ಬಂದಿತು. ಮುಂಬಯಿಯ ಪಾವ್ ಭಾಜಿಯಲ್ಲಿ ಆಲೂಗಡ್ಡೆಯ ಬದಲು ಬಾಳೆಕಾಯಿ ಬಿದ್ದರೆ ಅದು ಜೈನ್ ಪಾವ್ ಭಾಜಿ. ಮೇಲೋಗರದಲ್ಲಿ ಈರುಳ್ಳಿ ಬಿಟ್ಟರೆ ಅದು ಜೈನ್ ಮೇಲೋಗರ. ಹೋಟೆಲಿನವರ ಈ ಸೌಜನ್ಯವನ್ನು ಹಳಿಯಬೇಕಾಗಿಲ್ಲ. ಹಳಿಯಬೇಕಾದುದು ಅದನ್ನೇ ಧರ್ಮವೆಂದು ನಂಬಿ ಕುಳಿತ ಶ್ರಾವಕರ ಸೋಮಾರಿತನವನ್ನು.

ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಋತುವಿಗನುಸಾರವಾಗಿ ಸಂಜೆ 5.50ರಿಂದ 6.50ರ ಒಳಗೆ. ದೊಡ್ಡ ಹೋಟೆಲುಗಳಲ್ಲಿ ರಾತ್ರಿಯ ಊಟ ಆರಂಭವಾಗುವುದು ಏಳು, ಏಳೂವರೆಗೆ. ಹೀಗಾಗಿ ಜೈನ್ ಎಂಬ ಹೆಸರು ಹೊತ್ತ ಊಟವನ್ನು ಜೈನರು ಉಣ್ಣುವುದು ರಾತ್ರಿ ಒಂಬತ್ತಕ್ಕೆ! ಅನಸ್ತಮಿತವೆಂಬ ನಿಯಮಕ್ಕೆ ಶ್ರಾವಕಾಚಾರದಲ್ಲಿ ಎಂಥ ಸ್ಥಾನವಿದೆಯೆಂಬುದನ್ನು ಬಲ್ಲವರೇ ಬಲ್ಲರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ಹಿಂಸೆಯ ವಿಚಾರದೊಡನೆಯೇ ಸೇರಿಸಿ ಚರ್ಚಿಸಿದ್ದಾರೆ. ಗಡ್ಡೆಗೆಣಸು ಬಿಟ್ಟು ಹೊತ್ತನ್ನು ಮರೆತ ತಟ್ಟೆ ಅರ್ಧ ನಿಯಮದ ತಟ್ಟೆ. ಹೋಟೆಲಿನವನು ಗಡ್ಡೆಯನ್ನು ಬಿಡಬಲ್ಲ. ಸೂರ್ಯನನ್ನು ತಡೆದು ನಿಲ್ಲಿಸಲಾರ.

ಇನ್ನೂ ಒಂದು ಮಾತು. ತಟ್ಟೆಯಲ್ಲಿ ಈರುಳ್ಳಿಯ ಎಸಳಿದೆಯೇ ಎಂದು ಹತ್ತು ಸಲ ಕೇಳುವ ಯಜಮಾನರು, ಆ ಮೇಜನ್ನು ಒರೆಸಿದ ಹುಡುಗನ ವಯಸ್ಸೆಷ್ಟೆಂದು ಒಮ್ಮೆಯಾದರೂ ಕೇಳಿದ್ದುಂಟೇ? ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದೆಯೇ ಸೇವಕರಿಗೆ ಅನ್ನಪಾನಗಳನ್ನು ತಡೆಯುವುದು, ಮಿತಿಮೀರಿ ಭಾರ ಹೊರಿಸುವುದು ಅಹಿಂಸಾಣುವ್ರತದ ಅತಿಚಾರಗಳೆಂದು ಆಚಾರ್ಯರು ಎಣಿಸಿದ್ದರು. ಅಡುಗೆಮನೆಯಲ್ಲಿ ನಡುರಾತ್ರಿಯವರೆಗೆ ಬೇಯುವವನ ಶ್ರಮವನ್ನು ಕಾಣದ ಶುದ್ಧಿ ನಾಲಗೆಯ ಶುದ್ಧಿ ಮಾತ್ರ.

ಬಾಗಿಲು ಮುಚ್ಚಿಸುವ ಉತ್ಸಾಹ

ತನ್ನ ಅಡುಗೆಮನೆಯನ್ನು ತೆರೆಯಲಾರದ ಸಮಾಜಕ್ಕೆ ಪರರ ಅಂಗಡಿಯನ್ನು ಮುಚ್ಚಿಸುವುದರಲ್ಲಿ ಮಾತ್ರ ಬಲು ಉತ್ಸಾಹ. ಮಹಾವೀರ ಜಯಂತಿಯಂದು ಬೆಂಗಳೂರಿನಲ್ಲಿ ಮಾಂಸ ಮಾರಾಟ ನಿಷೇಧದ ಆದೇಶ ಹೊರಟರೆ ಅದನ್ನೇ ಅಹಿಂಸೆಯ ವಿಜಯವೆಂದು ಸಂಭ್ರಮಿಸುವವರಿದ್ದಾರೆ. 2015ರ ಪರ್ಯೂಷಣದಲ್ಲಿ ಮುಂಬಯಿ ಹಾಗೂ ಮೀರಾ-ಭಾಯಂದರದಲ್ಲಿ ಕೆಲವು ದಿನಗಳ ನಿಷೇಧ ಹೊರಬಿದ್ದಾಗ ಎದ್ದ ಕೋಲಾಹಲವನ್ನು ಮರೆಯಲಾಗದು. ಮುಂಬಯಿಯಲ್ಲಿ ಮಾರಾಟದ ಮೇಲಿನ ನಿಷೇಧಕ್ಕೆ ಉಚ್ಚ ನ್ಯಾಯಾಲಯ ತಡೆ ನೀಡಿತು. ಆದರೆ ಆ ಕೆಲವು ದಿನಗಳಲ್ಲಿ ಜೈನರ ಬಗ್ಗೆ ನೆರೆಹೊರೆಯವರಲ್ಲಿ ಹುಟ್ಟಿದ ಕಹಿಯನ್ನು ಯಾವ ನ್ಯಾಯಾಲಯವೂ ತೊಡೆಯಲಾರದು. 2024ರ ಮಾರ್ಚಿಯಲ್ಲಿ ಜೊಮ್ಯಾಟೊ ಕಂಪನಿ ಶುದ್ಧ ಸಸ್ಯಾಹಾರವನ್ನು ಮನೆಗೆ ಮುಟ್ಟಿಸುವವರಿಗೆ ಹಸಿರು ಅಂಗಿ ತೊಡಿಸಹೊರಟಿತು. ಬಣ್ಣದ ಅಂಗಿಯೇ ಆ ನೌಕರರಿಗೂ ಗಿರಾಕಿಗಳಿಗೂ ತೊಡಕು ತಂದೀತೆಂಬ ಟೀಕೆ ಬಂದು ಮರುದಿನವೇ ಅದನ್ನು ಕೈಬಿಟ್ಟಿತು.

ಇಂಥ ಪ್ರಸಂಗಗಳಲ್ಲಿ ಯಾವನೊಬ್ಬ ಹಸಿದ ಶ್ರಾವಕನಿಗೂ ಒಂದು ತುತ್ತು ಹೆಚ್ಚು ದೊರೆಯಲಿಲ್ಲ. ಪರರ ಬಾಗಿಲು ಮುಚ್ಚಿಸಿದ ಮಾತ್ರಕ್ಕೆ ದೇವಣಗಾಂವದ ಹುಡುಗನ ಸಂಜೆಯ ಊಟದ ವ್ಯವಸ್ಥೆಯಾಗುವುದಿಲ್ಲ.

ಗುರುವಿನ ಆಜ್ಞೆ

“ಹೊರಗೆ ಉಣ್ಣಲೇಬಾರದು” ಎಂದು ಗದರಿಸುವ ಹಿರಿಯರು ಸಮಂತಭದ್ರರ ಕಥೆಯನ್ನು ನೆನೆಯುವುದು ಒಳ್ಳೆಯದು. ದೇವಚಂದ್ರನ ರಾಜಾವಳೀ ಕಥೆಯಲ್ಲಿಯೂ ಬರುವ ಆ ವೃತ್ತಾಂತ ಮನೆಮನೆಗೂ ಪರಿಚಿತ. ಎಷ್ಟು ಉಂಡರೂ ತಣಿಯದ ಭಸ್ಮಕವ್ಯಾಧಿ ಮುನಿಯನ್ನು ಬಾಧಿಸಿತು. ಮುನಿಧರ್ಮದ ಮಿತಾಹಾರದಿಂದ ಅದು ಶಮನವಾಗುವಂತಿರಲಿಲ್ಲ. ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಕೊಡಲಿಲ್ಲ. ಇವರಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಬಹಳವಿದೆಯೆಂದು ಬಗೆದು, ದೀಕ್ಷೆಯನ್ನು ತಾತ್ಕಾಲಿಕವಾಗಿ ಬದಿಗಿಟ್ಟು ಎಲ್ಲಿಯಾದರೂ ಉಂಡು ಬದುಕಲು ಆಜ್ಞಾಪಿಸಿದರು. ಸಮಂತಭದ್ರರು ಶಿವಾಲಯದ ನೈವೇದ್ಯವನ್ನು ಉಂಡು ಗುಣಹೊಂದಿದರು, ಮರಳಿ ದೀಕ್ಷೆ ಪಡೆದರು. ಶ್ರಾವಕರ ಎಂಟು ಮೂಲಗುಣಗಳನ್ನು ತಿಳಿಸುವ ರತ್ನಕರಂಡಕ ಶ್ರಾವಕಾಚಾರ ಇದೇ ಮಹಾನುಭಾವರ ಕೃತಿ.

ಈ ಕಥೆಯಿಂದ ನಿಯಮ ಸಡಿಲಿಸುವವರು ಹಿಗ್ಗಬೇಕಾಗಿಲ್ಲ. ಸಮಂತಭದ್ರರು ವ್ಯಾಧಿ ಕಳೆದೊಡನೆ ವ್ರತಕ್ಕೆ ಮರಳಿದರು. ವ್ಯಾಧಿಯನ್ನೇ ವ್ರತವೆಂದು ಕರೆಯಲಿಲ್ಲ. ಆದರೆ ಗದರಿಸುವ ಹಿರಿಯರಿಗೂ ಇದರಲ್ಲಿ ಪಾಠವಿದೆ. ಗುರುಗಳು ಹಸಿವನ್ನು ಪಾಪವೆಂದೆಣಿಸಲಿಲ್ಲ, ಹಸಿದವನನ್ನು ಹೀಯಾಳಿಸಲಿಲ್ಲ. ಮೊದಲು ಅವನು ಬದುಕುವ ದಾರಿ ಕಂಡರು. ಇಂದಿನ ಸಭೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮೆಸ್ಸಿನಲ್ಲಿ ಆಲೂಗಡ್ಡೆ ತಿಂದೆನೆಂದು ಒಪ್ಪಿಕೊಂಡ ಹುಡುಗಿಯನ್ನು ಹತ್ತು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡುತ್ತಾರೆ. ಮುಂದಿನ ವರ್ಷ ಅವಳು ಆಲೂಗಡ್ಡೆಯನ್ನೇನೂ ಬಿಡುವುದಿಲ್ಲ. ಬಸದಿಗೆ ಬರುವುದನ್ನು ಬಿಡುತ್ತಾಳೆ. ಜನಗಣತಿಯಂತೆ 2011ರಲ್ಲಿ ಕರ್ನಾಟಕದ ಜೈನರು ಸುಮಾರು 4.4 ಲಕ್ಷ. ಇಷ್ಟು ಚಿಕ್ಕ ಸಮಾಜ ತನ್ನ ಮಕ್ಕಳನ್ನು ಹೀಗೆ ಕಳೆದುಕೊಳ್ಳುವ ಸಿರಿವಂತಿಕೆಯನ್ನು ಎಲ್ಲಿಂದ ತಂದಿತು?

ಪೂರ್ವಿಕರು ಮಾಡಿದ್ದು

ನೂರು ವರ್ಷಗಳ ಹಿಂದಿನ ಸಮಾಜ ಇಂದಿಗಿಂತ ಬಡವಾಗಿತ್ತು, ಆದರೆ ಈ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. 1914ರಲ್ಲಿ ತೀರಿಕೊಂಡ ಮುಂಬಯಿಯ ಸೇಠ ಮಾಣಿಕಚಂದ ಹಿರಾಚಂದರು ತಮ್ಮ ದ್ರವ್ಯವನ್ನು ಧರ್ಮಶಾಲೆಗಳಿಗೂ ಜೈನ ಬೋರ್ಡಿಂಗುಗಳಿಗೂ ಧಾರೆಯೆರೆದರು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳ ಮೂಲಕ ಹಳ್ಳಿಯ ರೈತಮಕ್ಕಳಿಗೆ ಊಟ, ವಸತಿ ಒದಗಿಸಿತು. ಸಮಾಜದಲ್ಲಿ ವಕೀಲರು, ಶಿಕ್ಷಕರು ಹುಟ್ಟಿದ್ದು ಆ ಪಂಕ್ತಿಯ ಊಟದಿಂದ.

ಆ ಚರಿತ್ರೆಗೆ ಒಂದು ಕಹಿ ಪುಟವೂ ಇದೆ. ಅದನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ತಕ್ಕುದಲ್ಲ. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನ ವಿದ್ಯಾರ್ಥಿಯಾಗಿದ್ದರು. ಅಸ್ಪೃಶ್ಯರೆನಿಸಿದ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು ಶುದ್ಧಿಸ್ನಾನ ಮಾಡಲೊಪ್ಪದ ಕಾರಣಕ್ಕೆ ಅವರು ಬೋರ್ಡಿಂಗನ್ನು ಬಿಡಬೇಕಾಯಿತೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ. ಮುಂದೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಅವರು ಸಾತಾರದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದರು. ಆ ಮಕ್ಕಳಿಗೆ ಕಾಳುಕಡಿ ತರಲು ಹಣವಿಲ್ಲದಾದಾಗ ಅವರ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಮಾರಿದರು. ಆಹಾರದಾನವೆಂಬ ಮಾತಿಗೆ ಇದಕ್ಕಿಂತ ಉಜ್ವಲವಾದ ವ್ಯಾಖ್ಯಾನ ಬೇಕೇ? ಬೋರ್ಡಿಂಗನ್ನು ಕಟ್ಟಿದ್ದೂ ಜೈನ ಕೈ, ಬಾಗಿಲು ಹಾಕಿದ್ದೂ ಜೈನ ಕೈ, ಮಂಗಳಸೂತ್ರ ಬಿಚ್ಚಿಕೊಟ್ಟಿದ್ದೂ ಜೈನ ಕೈ. ಯಾವ ಕೈಯನ್ನು ಅನುಸರಿಸಬೇಕೆಂಬುದನ್ನು ಇಂದಿನ ಟ್ರಸ್ಟುಗಳು ನಿರ್ಧರಿಸಬೇಕಾಗಿದೆ.

ಧರ್ಮಸ್ಥಳದಲ್ಲಿ ಜೈನ ಮನೆತನವೊಂದರ ಆಡಳಿತದಲ್ಲಿ ದಿನಕ್ಕೆ ಸಾವಿರಾರು ಜನ ಜಾತಿಮತಗಳ ವಿಚಾರಣೆಯಿಲ್ಲದೆ ಉಣ್ಣುತ್ತಾರೆ. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ದಿನಗಳಲ್ಲಿ ಊರೂರಿನಿಂದ ಬಂದ ಯಾತ್ರಿಕರಿಗೆ ಭೋಜನಶಾಲೆಗಳು ನಡೆದವು. ಸಮಾಜಕ್ಕೆ ಅಡುಗೆ ಮಾಡಿಸಲು ಬರುತ್ತದೆ, ಬಡಿಸಲು ಬರುತ್ತದೆ. ಕ್ಷೇತ್ರದಲ್ಲಿ ಆಗುವುದು ಮಹಾನಗರದಲ್ಲಿ ಏಕೆ ಆಗದು?

ಆಗಬೇಕಾದುದು

ಮಹಾನಗರದ ಬಸದಿಗಳಿಗೆ ಸೇರಿದ ಸಭಾಭವನಗಳಲ್ಲಿ ಅಡುಗೆಮನೆ, ಪಾತ್ರೆಪಗಡ, ನೀರು ಎಲ್ಲವೂ ಇರುತ್ತವೆ. ಮದುವೆ, ಪಂಚಕಲ್ಯಾಣಗಳ ದಿನ ಒಲೆ ಉರಿಯುತ್ತದೆ. ಉಳಿದ ದಿನ ಬೀಗ. ಮುನಿಸಂಘ ಬಂದಾಗ ಚೌಕ ಹಾಕಿ ನೀರು ಸೋಸುವುದರಿಂದ ಹಿಟ್ಟು ಬೀಸುವುದರವರೆಗೆ ಅಚ್ಚುಕಟ್ಟಾಗಿ ನಡೆಸುವ ಶ್ರಾವಿಕೆಯರಿದ್ದಾರೆ. ಸ್ಥಳವಿದೆ, ಕೌಶಲವಿದೆ, ಸಂಕಲ್ಪವೊಂದೇ ಇಲ್ಲ.

ಬೇಕಾದುದು ದೊಡ್ಡ ಯೋಜನೆಯಲ್ಲ. ಸಂಜೆ ಐದರಿಂದ ಸೂರ್ಯಾಸ್ತದವರೆಗೆ ಒಂದು ಸಾದಾ ಊಟ: ರೊಟ್ಟಿ, ಕಾಳಿನ ಪಲ್ಯ, ಅನ್ನ, ತೊವ್ವೆ. ಆ ಹೊತ್ತಿಗೆ ಕಚೇರಿಯಿಂದ ಬಿಡುವಾಗದವರಿಗೆ ಮಧ್ಯಾಹ್ನವೇ ಡಬ್ಬಿ ಕೊಟ್ಟರೆ ಅವರು ಕುಳಿತಲ್ಲಿಯೇ ಹೊತ್ತಿನೊಳಗೆ ಉಂಡಾರು. ಬೆಲೆ ಖರ್ಚಿಗೆ ತಕ್ಕಷ್ಟು. ವಿದ್ಯಾರ್ಥಿಗಳಿಗೆ ಅದರಲ್ಲಿಯೂ ರಿಯಾಯಿತಿ. ಅಡುಗೆಯವರಿಗೆ ನ್ಯಾಯವಾದ ಸಂಬಳ, ವಾರಕ್ಕೊಂದು ರಜೆ. ಬಾಗಿಲಲ್ಲಿ ಜಾತಿ, ಪಂಥ, ಊರು ಕೇಳಬಾರದು. ದಿಗಂಬರ, ಶ್ವೇತಾಂಬರ, ಕನ್ನಡಿಗ, ಮಾರವಾಡಿ ಎಂಬ ಗೋಡೆಗಳು ಅಲ್ಲಿ ಬೇಡ. ಪಕ್ಕದ ಬೀದಿಯ ಲಿಂಗಾಯತ ಹುಡುಗನೋ ಮುಸಲ್ಮಾನ ಹುಡುಗನೋ ಬಂದು ಉಂಡರೆ ಅಹಿಂಸೆಯ ರುಚಿ ಇನ್ನೊಬ್ಬರಿಗೆ ತಿಳಿಯಿತೆಂದು ಸಂತೋಷಪಡಬೇಕು.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳು ಗೊತ್ತಿರುವವೇ. ಟ್ರಸ್ಟಿನ ನಿಯಮಾವಳಿಯಲ್ಲಿ ಅವಕಾಶವಿಲ್ಲವೆನ್ನುವರು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಮೊದಲನೆಯದಕ್ಕೇ ಅವಕಾಶವಿಲ್ಲದಿದ್ದರೆ ಆ ನಿಯಮಾವಳಿಯನ್ನು ತಿದ್ದಬೇಕು. ನಷ್ಟವಾಗುವುದೆನ್ನುವರು, ಒಂದು ಪಂಚಕಲ್ಯಾಣದ ಮಂಟಪಕ್ಕೆ, ದೀಪಾಲಂಕಾರಕ್ಕೆ, ಮೆರವಣಿಗೆಗೆ ಆಗುವ ವೆಚ್ಚದ ಲೆಕ್ಕವನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಲಿ. ಬಸದಿಯ ಪಾವಿತ್ರ್ಯ ಕೆಡುವುದೆನ್ನುವರು. ಹಸಿದ ಮಕ್ಕಳ ಪಂಕ್ತಿಯಿಂದ ಕೆಡುವ ಪಾವಿತ್ರ್ಯ ತೀರ್ಥಂಕರರ ಸಮವಸರಣದಲ್ಲಿ ಎಂದೂ ಇರಲಿಲ್ಲ. ಅಲ್ಲಿ ಪಶುಪಕ್ಷಿಗಳಿಗೂ ಜಾಗವಿತ್ತು.

ಒಂದು ಭೋಜನಶಾಲೆಯಿಂದ ಇಡೀ ಬೆಂಗಳೂರಿನ ಜೈನರ ಸಮಸ್ಯೆ ತೀರದೆಂಬುದು ನಿಜ. ನಗರ ವಿಶಾಲವಾಗಿದೆ, ವೈಟ್‌ಫೀಲ್ಡಿನಲ್ಲಿ ದುಡಿಯುವವನು ಶಂಕರಪುರಕ್ಕೆ ಬಂದು ಉಣ್ಣಲಾರ. ಅದಕ್ಕಾಗಿಯೇ ಒಂದು ಟ್ರಸ್ಟು ಮಾಡಿ ಕೈತೊಳೆದುಕೊಂಡರೆ ಸಾಲದು. ಬಡಾವಣೆಗೊಂದರಂತೆ, ಬಸದಿಯಿಲ್ಲದ ಕಡೆ ನಾಲ್ಕು ಮನೆಗಳ ಶ್ರಾವಿಕೆಯರು ಸೇರಿ ನಡೆಸುವ ಸಣ್ಣ ಅಡುಗೆಮನೆಗಳಾದರೂ ಆಗಬೇಕು. ಉತ್ತರ ಕರ್ನಾಟಕದ ಎಷ್ಟೋ ಹೆಣ್ಣುಮಕ್ಕಳು ರೊಟ್ಟಿ ತಟ್ಟಿ ಮಹಾನಗರದಲ್ಲಿ ಸಂಸಾರ ನಡೆಸುತ್ತಿರುವಾಗ ಇದು ಆಗದ ಕೆಲಸವೆಂದು ಹೇಳುವಂತಿಲ್ಲ.

ಮುಂದಿನ ಚಾತುರ್ಮಾಸದ ಪೂರ್ವಭಾವಿ ಸಭೆಗಳಲ್ಲಿ ಮಹಾನಗರದ ಪ್ರತಿಯೊಂದು ಬಸದಿಯ ಟ್ರಸ್ಟು ಈ ಒಂದು ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಲಿ. ಯುವಕರಿಗೆ ಆಹಾರಶುದ್ಧಿಯ ಉಪದೇಶ ಮಾಡಲು ಎದ್ದು ನಿಲ್ಲುವ ಮುನ್ನ, ಇಂದು ಸಂಜೆ ಅವರಿಗೆ ಎಲ್ಲಿ ಎಲೆ ಹಾಕಲಾಗಿದೆಯೆಂಬುದನ್ನು ಹೇಳಲಿ. ಊರಿನಲ್ಲಿ ಹೊತ್ತು ಮುಳುಗುವ ಮುಂಚೆ ಒಲೆಯ ಮುಂದೆ ಕುಳಿತು, “ಈಗ ನನ್ನ ಮಗ ಉಂಡನೋ ಇಲ್ಲವೋ” ಎಂದು ನೆನೆಯುವ ತಾಯಂದಿರು ದೇವಣಗಾಂವದಂಥ ಎಷ್ಟೋ ಊರುಗಳಲ್ಲಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರ ಬಸದಿಗಳ ಮೇಲಿರುವ ಸಾಲ.