ಐಸಿಯುವೋ ಹೆರಿಗೆ ವಾರ್ಡೋ: ಹೊಸ ನರ್ಸ್ ಮುಂದಿನ ಪ್ರಶ್ನೆ

ಯರಗೇರಾ, ಗಿಲ್ಲೇಸುಗೂರು ಕಡೆಯಿಂದ ಬೆಳಿಗ್ಗೆ ರಾಯಚೂರಿಗೆ ಬರುವ ಬಸ್ಸುಗಳಲ್ಲಿ ನರ್ಸಿಂಗ್ ಯೂನಿಫಾರ್ಮ್ ತೊಟ್ಟ ಹುಡುಗಿಯರನ್ನು ಕಾಣುವುದು ಈಗ ಮಾಮೂಲು. ಯರಗೇರಾದಲ್ಲೇ ಒಂದು ವಿಶ್ವವಿದ್ಯಾಲಯವಿದೆ. ಆದರೆ ಇವರ ಪದವಿ ಬರುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ. ನಾಲ್ಕು ವರ್ಷ, ಎಂಟು ಸೆಮಿಸ್ಟರ್ ಓದಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದರೆ ಒಮ್ಮೆಗೇ ಎರಡು ಅರ್ಹತೆ ಕೈಸೇರುತ್ತವೆ: ನೋಂದಾಯಿತ ನರ್ಸ್, ನೋಂದಾಯಿತ ಮಿಡ್‌ವೈಫ್. ಕೆಲಸಕ್ಕೆ ಸೇರುವ ಹೊತ್ತಿಗೆ ಇವೆರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಐಸಿಯು ಸೇರಬೇಕೋ, ಹೆರಿಗೆ ವಾರ್ಡೋ?

ಸೀನಿಯರ್‌ಗಳನ್ನು ಕೇಳಿದರೆ ಉತ್ತರ ಒಂದೇ, ‘ಐಸಿಯು ಹಿಡಿ’. ಈ ಸಲಹೆಗೆ ಗಟ್ಟಿ ಕಾರಣವಿದೆ. ವೆಂಟಿಲೇಟರ್, ಇನ್‌ಫ್ಯೂಷನ್ ಪಂಪ್, ಮಾನಿಟರ್‌ಗಳ ಮಧ್ಯೆ ಎರಡು ವರ್ಷ ಕಳೆದವರಿಗೆ ಹೈದರಾಬಾದ್, ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗಳಲ್ಲೂ ಕೊಲ್ಲಿ ರಾಷ್ಟ್ರಗಳಲ್ಲೂ ಬಾಗಿಲು ತೆರೆದಿರುತ್ತದೆ. ಹೆರಿಗೆ ವಾರ್ಡಿನ ಅನುಭವಕ್ಕೆ ಆ ಬೆಲೆಯಿಲ್ಲ. ಬ್ರಿಟನ್‌ನಲ್ಲಂತೂ ನರ್ಸ್‌ಗಳ ನೋಂದಣಿಯೇ ಬೇರೆ, ಮಿಡ್‌ವೈಫ್‌ಗಳದ್ದೇ ಬೇರೆ. ನಮ್ಮಲ್ಲಿ ಜೋಡಿಯಾಗಿ ಸಿಕ್ಕ ಅರ್ಹತೆ ಅಲ್ಲಿ ಜೋಡಿಯಾಗಿ ನಡೆಯುವುದಿಲ್ಲ. ಇನ್ನು ಗಂಡು ಹುಡುಗರಿಗೆ ಈ ಆಯ್ಕೆಯೇ ಇಲ್ಲ. ‘ಬ್ರದರ್’ ಎಂದು ಕರೆಸಿಕೊಳ್ಳುವ ಅವರನ್ನು ಹೆರಿಗೆ ವಾರ್ಡಿಗೆ ಹಾಕುವ ಆಸ್ಪತ್ರೆ ನಮ್ಮ ಕಡೆ ಹುಡುಕಿದರೂ ಸಿಗಲಿಕ್ಕಿಲ್ಲ.

ಆದರೆ ‘ಐಸಿಯು’ ಎಂದು ಬೋರ್ಡ್ ಹಾಕಿದ ಕೋಣೆಯೆಲ್ಲ ಕೆಲಸ ಕಲಿಸುವುದಿಲ್ಲ. ತೀವ್ರ ನಿಗಾ ಘಟಕದಲ್ಲಿ ಪ್ರತಿ ಪಾಳಿಗೆ ಹಾಸಿಗೆಗೊಬ್ಬ ನರ್ಸ್ ಇರಬೇಕೆಂಬುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಒಪ್ಪಿದ ಮಾನದಂಡ. ನಿನ್ನೆ ಮೊನ್ನೆ ಸೇರಿದ ಹುಡುಗಿಯ ಕೈಗೆ ಮೂರು ನಾಲ್ಕು ಹಾಸಿಗೆ ಕೊಟ್ಟು, ಕೇಳಿದರೆ ‘ನೋಡಿ ಕಲಿ’ ಎನ್ನುವ ಖಾಸಗಿ ಆಸ್ಪತ್ರೆಗಳಿಗೆ ಯಾವ ಜಿಲ್ಲೆಯಲ್ಲೂ ಬರವಿಲ್ಲ. ಅಲ್ಲಿ ಎರಡು ವರ್ಷ ಕಳೆದರೆ ಅನುಭವ ಪತ್ರ ಸಿಗುತ್ತದೆ. ಅನುಭವ ಸಿಕ್ಕಿತೇ ಎಂಬುದು ಬೇರೆ ಮಾತು. ಕಟ್ಟಡ, ಯಂತ್ರ ಬಂದ ಮಾತ್ರಕ್ಕೆ ಚಿಕಿತ್ಸೆ ಬರುವುದಿಲ್ಲ ಎನ್ನುವುದನ್ನು ರಾಯಚೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಪೆಕ್ ನೆರವಿನಲ್ಲಿ ಎದ್ದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಅಪೊಲೊ ನಡೆಸಿದ್ದನ್ನೂ, ಬಿಟ್ಟು ಹೋದದ್ದನ್ನೂ ಈ ಊರು ಕಂಡಿದೆ. ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿದ್ದೂ ಇಲ್ಲಿಯೇ.

ಈಗ ಹೆರಿಗೆ ವಾರ್ಡಿಗೆ ಬರೋಣ. ದೇವದುರ್ಗ, ಮಾನ್ವಿ ಎರಡೂ ರಾಯಚೂರಿನಿಂದ 50 ಕಿ.ಮೀ. ಆಸುಪಾಸಿನಲ್ಲಿವೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ್ದು ಇವೆರಡನ್ನೂ. ಇಂಥ ತಾಲ್ಲೂಕಿನ ಒಂದು ರಾತ್ರಿ ಪಾಳಿ ಹೇಗಿರುತ್ತದೆ? ಗುಳೆ ಹೋಗಿದ್ದ ಗರ್ಭಿಣಿ ದಿನ ತುಂಬಿದ ಮೇಲೆ ಊರಿಗೆ ಬಂದಿರುತ್ತಾಳೆ. ತಾಯಿ ಕಾರ್ಡ್‌ನಲ್ಲಿ ಅರ್ಧ ಕಾಲಂ ಖಾಲಿ, ಹಿಮೋಗ್ಲೋಬಿನ್ 7ರ ಹತ್ತಿರ. ಕೂಸು ಸುಸೂತ್ರವಾಗಿ ಹೊರಬರುತ್ತದೆ, ಕಸವೂ ಬೀಳುತ್ತದೆ. ರಕ್ತ ಮಾತ್ರ ನಿಲ್ಲುವುದಿಲ್ಲ. ಸಿಸ್ಟರ್ ಒಂದು ಕೈಯಲ್ಲಿ ಹೊಟ್ಟೆಯ ಮೇಲಿನಿಂದ ಗರ್ಭಕೋಶ ತಿಕ್ಕುತ್ತಲೇ ಆಯಾಳನ್ನು ಕೂಗಬೇಕು, ಆಕ್ಸಿಟೋಸಿನ್ ಹಾಕಿಸಬೇಕು, ಇನ್ನೊಂದು ಕೈಗೂ ಡ್ರಿಪ್ ಹಚ್ಚಬೇಕು, ಮೂತ್ರಕೋಶ ಖಾಲಿ ಮಾಡಬೇಕು, ಟ್ರಾನೆಕ್ಸಾಮಿಕ್ ಆಮ್ಲ ಕೊಡಬೇಕು, ಡಾಕ್ಟರಿಗೆ ಫೋನ್ ಮಾಡಬೇಕು, 108 ಹೊರಟಿದೆಯೇ ಎಂದು ವಿಚಾರಿಸಬೇಕು. ರಕ್ತಹೀನತೆ ಇರುವ ಹೆಂಗಸಿಗೆ ಇದಕ್ಕೆಲ್ಲ ಸಿಗುವ ಸಮಯ ನಿಮಿಷಗಳ ಲೆಕ್ಕದ್ದು. ಐಸಿಯುನಲ್ಲಿ ಏನಾದರೂ ಏರುಪೇರಾದರೆ ಮಾನಿಟರ್ ಕೂಗುತ್ತದೆ, ಡಾಕ್ಟರು ಕೂಗಳತೆಯಲ್ಲಿರುತ್ತಾರೆ. ಇಲ್ಲಿ ಮೊದಲ ತೀರ್ಮಾನ ನರ್ಸ್‌ದೇ.

ಈ ಕೆಲಸವನ್ನು ಹಳೆಯ ಕಾಲದ್ದು, ತಂತ್ರಜ್ಞಾನವಿಲ್ಲದ್ದು ಎಂದು ಕೀಳಾಗಿ ಕಾಣುವವರು ಒಂದು ಅಧ್ಯಯನ ಗಮನಿಸಬೇಕು. ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ‘ಇ-ಮೋಟಿವ್’ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹೆರಿಗೆಯ ನಂತರ ಹೋದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ ಅಳತೆ ಗೆರೆಯಿರುವ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು, ಮಿತಿ ದಾಟಿದ ಕೂಡಲೇ ಮೇಲೆ ಹೇಳಿದಂಥ ಉಪಚಾರಗಳನ್ನು ಒಂದಾದ ಮೇಲೊಂದು ಕಾಯದೆ ಒಟ್ಟಿಗೆ ಕೊಡುವುದು, ಇಷ್ಟೇ ಅದರ ವಿಧಾನ. ತೀವ್ರ ರಕ್ತಸ್ರಾವ, ಅದರಿಂದಾಗುವ ಶಸ್ತ್ರಚಿಕಿತ್ಸೆ ಮತ್ತು ಸಾವು ಸೇರಿದ ಲೆಕ್ಕ ಶೇ 60ರಷ್ಟು ಇಳಿಯಿತು. ಅದಕ್ಕೆ ದುಬಾರಿ ಯಂತ್ರವೇನೂ ಬೇಕಾಗಲಿಲ್ಲ. ಬೇಕಾದದ್ದು ಹೆರಿಗೆ ಮಂಚದ ಪಕ್ಕ ನಿಂತ ಪಳಗಿದ ಕೈ.

ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹೆಣ್ಣುಮಕ್ಕಳನ್ನು ಆಸ್ಪತ್ರೆಯ ಬಾಗಿಲಿಗೆ ತಂದದ್ದಾಯಿತು. ಒಳಗೆ ಯಾರಿದ್ದಾರೆ ಎಂಬುದು ಈಗಿನ ಪ್ರಶ್ನೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ಸತ್ತಾಗ ಚರ್ಚೆಯೆಲ್ಲ ಐವಿ ದ್ರಾವಣದ ಸುತ್ತ ನಡೆಯಿತು. ನಡೆಯಲೇಬೇಕಿತ್ತು. ಒಂದು ಪಾಳಿಗೆ ಎಷ್ಟು ನರ್ಸ್‌ಗಳು ಎಷ್ಟು ಬಾಣಂತಿಯರನ್ನು ನೋಡುತ್ತಾರೆ ಎಂಬ ಪ್ರಶ್ನೆಯೂ ಅಷ್ಟೇ ಜೋರಾಗಿ ಕೇಳಬೇಕಿತ್ತು.

ಹಾಗಾದರೆ ಹೊಸ ಪದವೀಧರೆ ಹೆರಿಗೆ ವಾರ್ಡನ್ನೇ ಏಕೆ ಆರಿಸುವುದಿಲ್ಲ? ಆರಿಸಿದವಳನ್ನು ನಮ್ಮ ವ್ಯವಸ್ಥೆ ಅಲ್ಲಿ ಉಳಿಸಿಕೊಳ್ಳುವುದಿಲ್ಲ, ಅದಕ್ಕೆ. ಸರ್ಕಾರ ನೇಮಿಸುವುದು ಶುಶ್ರೂಷಾಧಿಕಾರಿಯನ್ನು. ಹೆರಿಗೆ ಕೆಲಸದ ಶುಶ್ರೂಷಾಧಿಕಾರಿ ಎಂಬ ಹುದ್ದೆ ಇಲ್ಲ. ಇವತ್ತು ಹೆರಿಗೆ ವಾರ್ಡ್, ಮುಂದಿನ ತಿಂಗಳು ಪುರುಷರ ವಾರ್ಡ್, ಆಮೇಲೆ ಯಾವುದೋ ಕಾರ್ಯಕ್ರಮಕ್ಕೆ ನಿಯೋಜನೆ. ತರಬೇತಿ ಕೊಟ್ಟದ್ದು ರಿಜಿಸ್ಟರಿನಲ್ಲಿ ಉಳಿಯುತ್ತದೆ, ಪಳಗಿದ ಕೈ ಇನ್ನೆಲ್ಲೋ ಇಂಜೆಕ್ಷನ್ ಹಾಕುತ್ತಿರುತ್ತದೆ. ಕೇಂದ್ರ ಸರ್ಕಾರ 2018ರಲ್ಲೇ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರ ಹೊಣೆಗೇ ಬಿಡುವ ಯೋಚನೆ ಅದರಲ್ಲಿದೆ. ಹೈದರಾಬಾದ್ ಕಡೆ ಈ ದಾರಿಯಲ್ಲಿ ಒಳ್ಳೆಯ ಕೆಲಸ ನಡೆದಿದೆ. 2023ರ ರಾಷ್ಟ್ರೀಯ ಕಾಯ್ದೆಯ ಹೆಸರಿನಲ್ಲೇ ನರ್ಸಿಂಗ್ ಜೊತೆಗೆ ಮಿಡ್‌ವೈಫರಿಯೂ ಇದೆ. ಹೆಸರಿನಲ್ಲಿ ಇದ್ದದ್ದು ದೇವದುರ್ಗದ ಡ್ಯೂಟಿ ಚಾರ್ಟ್‌ಗೆ ಯಾವಾಗ ಇಳಿಯುತ್ತದೆ?

ನನ್ನನ್ನು ಕೇಳಿದರೆ, ಹೊರದೇಶದ ಆಸೆ ಇರುವವರು ಸಂಕೋಚವಿಲ್ಲದೆ ಐಸಿಯು ಸೇರಲಿ. ಸಾಲ ಮಾಡಿ ಓದಿಸಿದ ಮನೆಯವರಿಗೆ ಆ ದುಡ್ಡು ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಜಿಲ್ಲೆಯಲ್ಲೇ ಉಳಿಯುತ್ತೇನೆ, 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ಹುದ್ದೆಗೆ ಪ್ರಯತ್ನಿಸುತ್ತೇನೆ ಎನ್ನುವವಳು ಮೊದಲ ವರ್ಷವನ್ನು ಹೆರಿಗೆ ಹೆಚ್ಚು ನಡೆಯುವ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕಳೆಯುವುದು ಲೇಸು. ಹೆರಿಗೆ ವಾರ್ಡಿನ ನರ್ಸ್‌ಗೆ ಆಘಾತಕ್ಕೆ ಜಾರಿದ ರೋಗಿಯೂ ಹೊಸದಲ್ಲ, ಫಿಟ್ಸ್ ಬಂದ ರೋಗಿಯೂ ಹೊಸದಲ್ಲ, ಉಸಿರಾಡದ ಕೂಸಿಗೆ ಉಸಿರು ಕೊಡುವುದೂ ಹೊಸದಲ್ಲ. ಅವಳು ಮುಂದೆ ಐಸಿಯುಗೆ ಹೋದರೂ ತಡವರಿಸುವುದಿಲ್ಲ. ಬರೀ ಐಸಿಯು ಕಂಡವಳನ್ನು ಹೆರಿಗೆ ಮಂಚದ ಮುಂದೆ ಒಂಟಿಯಾಗಿ ನಿಲ್ಲಿಸಲಾಗದು. ಎಲ್ಲೇ ಸೇರಲಿ, ಸಂದರ್ಶನದ ದಿನ ಸಂಬಳದ ಜೊತೆ ಇನ್ನೆರಡು ವಿಷಯ ಕೇಳಿಕೊಳ್ಳಬೇಕು: ರಾತ್ರಿ ಪಾಳಿಯಲ್ಲಿ ನನ್ನ ಜೊತೆ ಹಳಬರು ಯಾರಿರುತ್ತಾರೆ? ಮೂಲ ಅಂಕಪಟ್ಟಿಗಳನ್ನು ನೀವು ಇಟ್ಟುಕೊಳ್ಳುತ್ತೀರಾ? ಎರಡನೆಯದಕ್ಕೆ ಹೌದು ಎಂದರೆ ಎದ್ದು ಬರುವುದು ಒಳ್ಳೆಯದು.

ಆರೋಗ್ಯ ಇಲಾಖೆ ದೇವದುರ್ಗ, ಮಾನ್ವಿ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡಿಗೆಂದೇ ನರ್ಸ್ ಹುದ್ದೆಗಳನ್ನು ಗುರುತಿಸಲಿ. ಅಲ್ಲಿಗೆ ಬಂದವರನ್ನು ಕನಿಷ್ಠ ಮೂರು ವರ್ಷ ಬೇರೆ ವಾರ್ಡಿಗೆ ಕದಲಿಸದಿರಲಿ. 18 ತಿಂಗಳ ಮಿಡ್‌ವೈಫರಿ ತರಬೇತಿ ರಾಯಚೂರಿನ ರಿಮ್ಸ್‌ನಲ್ಲೇ ಸಿಗುವಂತೆ ಮಾಡಲಿ. ಅಲ್ಲಿಯವರೆಗೆ ಸೀನಿಯರ್‌ಗಳು ‘ಐಸಿಯು ಹಿಡಿ’ ಎನ್ನುತ್ತಲೇ ಇರುತ್ತಾರೆ. ಅವರನ್ನು ದೂರಲಾಗದು.